ನ್ಯಾಯ ವ್ಯವಸ್ಥೆ ಮತ್ತು ಸಾಮಾಜಿಕ ನೆಮ್ಮದಿ

ನ್ಯಾಯ ವ್ಯವಸ್ಥೆ ಮತ್ತು ಸಾಮಾಜಿಕ ನೆಮ್ಮದಿ ಎಂಬುದು ನಿಷ್ಪಕ್ಷಪಾತವಾದ ನ್ಯಾಯದಾನಕ್ಕೂ ಜನಜೀವನದ ಸುಖ-ಸಮಾಧಾನಕ್ಕೂ ಇರುವ ಸಂಬಂಧವನ್ನು ಕುರಿತ ವಿಷಯವಾಗಿದೆ. ಅಪರಾಧಿಗಳನ್ನು ಶಿಕ್ಷಿಸುವುದು ನ್ಯಾಯ ವ್ಯವಸ್ಥೆಯ ಒಂದು ಕಾರ್ಯ ಮಾತ್ರ. ತನ್ನ ಹಕ್ಕಿನ ಪ್ರಶ್ನೆ ಎದ್ದಾಗ ಅದನ್ನು ಆಲಿಸುವವರಿದ್ದಾರೆ, ತಕ್ಕ ಕಾಲದಲ್ಲಿ ತೀರ್ಮಾನ ದೊರೆಯುತ್ತದೆ, ಆ ತೀರ್ಮಾನ ಸ್ಥಿರವಾಗಿ ಉಳಿಯುತ್ತದೆ ಎಂಬ ಭರವಸೆಯನ್ನು ಸಾಮಾನ್ಯ ಪ್ರಜೆಗೆ ನೀಡುವುದು ಅದರ ಇನ್ನೊಂದು ಮುಖ್ಯ ಕಾರ್ಯ. ಶಿವಮೊಗ್ಗ ಜಿಲ್ಲೆಯ ಭೂಮಿಯ ಇತಿಹಾಸವು ಈ ಸಂಬಂಧಕ್ಕೆ ಸ್ಪಷ್ಟವಾದ ನಿದರ್ಶನಗಳನ್ನು ಒದಗಿಸುತ್ತದೆ.

ಪರಿಕಲ್ಪನೆ

ಪ್ರಾಚೀನ ಗ್ರೀಸಿನ ತತ್ತ್ವಜ್ಞಾನಿ ಪ್ಲೇಟೋ 'ರಿಪಬ್ಲಿಕ್' ಕೃತಿಯಲ್ಲಿ ನ್ಯಾಯವಂತನೇ ಸುಖಿಯೇ ಎಂಬ ಪ್ರಶ್ನೆಯನ್ನು ಚರ್ಚಿಸಿದ್ದಾನೆ. ಕೌಟಿಲ್ಯನ 'ಅರ್ಥಶಾಸ್ತ್ರ'ದಲ್ಲಿ ವ್ಯವಹಾರ ನ್ಯಾಯಕ್ಕೆಂದೇ ಪ್ರತ್ಯೇಕ ಅಧಿಕರಣವಿದೆ. 2012ರಿಂದ ಪ್ರಕಟವಾಗುತ್ತಿರುವ ವಿಶ್ವ ಸಂತೋಷ ವರದಿಯು ದೇಶಗಳ ನಡುವಿನ ವ್ಯತ್ಯಾಸವನ್ನು ವಿವರಿಸಲು ಆದಾಯ, ಆರೋಗ್ಯಗಳ ಜೊತೆಗೆ ಭ್ರಷ್ಟಾಚಾರದ ಬಗ್ಗೆ ಜನರಿಗಿರುವ ಭಾವನೆಯನ್ನೂ ಬಳಸುತ್ತದೆ. ಭಾರತದ ಸಂವಿಧಾನದ 38ನೆಯ ವಿಧಿಯು ಜನಕಲ್ಯಾಣವನ್ನು ಸಾಮಾಜಿಕ, ಆರ್ಥಿಕ ಹಾಗೂ ರಾಜಕೀಯ ನ್ಯಾಯದೊಂದಿಗೆ ಜೋಡಿಸಿದೆ.

ಕಾಗೋಡು ಸತ್ಯಾಗ್ರಹ ಮತ್ತು ಭೂ ನ್ಯಾಯಮಂಡಳಿಗಳು

ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಕಾಗೋಡು ಗ್ರಾಮದಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಗೇಣಿಯ ಭತ್ತವನ್ನು ಅಳೆಯಲು ಭೂಮಾಲೀಕರು ಬಳಸುತ್ತಿದ್ದ ಕೊಳಗದ ಅಳತೆ ದೊಡ್ಡದೆಂಬುದು ರೈತರ ಮುಖ್ಯ ದೂರಾಗಿತ್ತು. ಅಳತೆಯಲ್ಲಿ ಮೋಸವಾದರೂ ಪ್ರಶ್ನಿಸಿದವನು ಉಳುಮೆಯ ಭೂಮಿಯನ್ನೇ ಕಳೆದುಕೊಳ್ಳುವ ಭಯವಿತ್ತು. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು. ಸಮಾಜವಾದಿ ನಾಯಕರಾದ ಶಾಂತವೇರಿ ಗೋಪಾಲಗೌಡರು ಹೋರಾಟದಲ್ಲಿ ತೊಡಗಿದರು. ರಾಮಮನೋಹರ ಲೋಹಿಯಾ ಅವರು ಕಾಗೋಡಿಗೆ ಬಂದು ಬಂಧನಕ್ಕೊಳಗಾದರು.

ಈ ಹೋರಾಟದಿಂದ ಗೇಣಿದಾರರಿಗೆ ಕೂಡಲೇ ಭೂಮಿ ದೊರೆಯಲಿಲ್ಲ. ಡಿ. ದೇವರಾಜ ಅರಸು ಅವರ ಸರ್ಕಾರವು ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯು 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಅದರಂತೆ ಗೇಣಿಯ ಭೂಮಿಗಳು ಸರ್ಕಾರಕ್ಕೆ ಸೇರಿ, ಉಳುವವರು ಫಾರಂ 7ರಲ್ಲಿ ಅರ್ಜಿ ಸಲ್ಲಿಸಿ ಅಧಿಭೋಗದ ಹಕ್ಕನ್ನು ಕೇಳಬಹುದಾಯಿತು. ಅರ್ಜಿಗಳ ವಿಚಾರಣೆಗಾಗಿ ಭೂ ನ್ಯಾಯಮಂಡಳಿಗಳು ರಚನೆಯಾದವು. ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ಈ ಮಂಡಳಿಗಳಲ್ಲಿ ಸರ್ಕಾರ ನಾಮಕರಣ ಮಾಡಿದ ಸದಸ್ಯರೂ ಇದ್ದರು. ಆರಂಭದಲ್ಲಿ ವಕೀಲರಿಗೆ ಅವುಗಳ ಮುಂದೆ ವಾದಿಸಲು ಅವಕಾಶವಿರಲಿಲ್ಲ. ಆದ್ದರಿಂದ ಅಕ್ಷರ ಬಾರದ ರೈತನೂ ತಾನೇ ನಿಂತು ತನ್ನ ಮಾತನ್ನು ಹೇಳಬಹುದಾಗಿತ್ತು.

ಹಕ್ಕುಪತ್ರ ಪಡೆದ ಕುಟುಂಬಕ್ಕೆ ಗೇಣಿಯ ಹೊರೆ ತಪ್ಪಿತು, ಒಕ್ಕಲೆಬ್ಬಿಸುವ ಭಯ ದೂರವಾಯಿತು. ಬೆಳೆ ತನ್ನದೇ ಆದಾಗ ಬಾವಿ ತೋಡಲು, ತೋಟ ಎಬ್ಬಿಸಲು, ಮಕ್ಕಳನ್ನು ಶಾಲೆಗೆ ಕಳುಹಿಸಲು ಧೈರ್ಯ ಬರುತ್ತದೆ. ಆದರೆ ಈ ಕಾಯ್ದೆಯು ದೊಡ್ಡ ಜಮೀನ್ದಾರರ ಜೊತೆಗೆ, ತುಂಡು ಭೂಮಿಯನ್ನು ಗೇಣಿಗೆ ಕೊಟ್ಟು ಜೀವಿಸುತ್ತಿದ್ದ ವಿಧವೆಯರು ಹಾಗೂ ಚಿಕ್ಕ ಹಿಡುವಳಿದಾರರಿಗೂ ಅನ್ವಯಿಸಿದ್ದರಿಂದ ಕೆಲವರಿಗೆ ಜೀವನೋಪಾಯವೇ ತಪ್ಪಿತು. ಒಬ್ಬರ ನ್ಯಾಯವು ಇನ್ನೊಬ್ಬ ದುರ್ಬಲರ ಸಂಕಟವಾಗದಂತೆ ನೋಡಿಕೊಳ್ಳುವುದೂ ನ್ಯಾಯದ ಭಾಗವೆಂಬುದನ್ನು ಇದು ತೋರಿಸುತ್ತದೆ.

ಶರಾವತಿ ಸಂತ್ರಸ್ತರು

ಇದೇ ಜಿಲ್ಲೆಯಲ್ಲಿ ತೀರ್ಮಾನ ವಿಳಂಬವಾದ ಪ್ರಕರಣವೂ ಇದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಸಾಗರ ಮತ್ತು ಹೊಸನಗರ ತಾಲೂಕುಗಳ ಅನೇಕ ಗ್ರಾಮಗಳು ಮುಳುಗಡೆಯಾದವು. ನಾಡಿಗೆ ವಿದ್ಯುತ್ ದೊರೆಯಿತು, ಮನೆ-ಹೊಲ ಬಿಟ್ಟವರನ್ನು ಅರಣ್ಯ ಭೂಮಿಗಳಿಗೆ ಸ್ಥಳಾಂತರಿಸಲಾಯಿತು. ಆದರೆ ಬಹಳಷ್ಟು ಕುಟುಂಬಗಳ ಭೂಮಿಯ ದಾಖಲೆ ಸರಿಯಾಗಲಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ನಂತರ ಅರಣ್ಯ ಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಿಡುಗಡೆ ಮಾಡಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಅಗತ್ಯವಾಯಿತು. ಅಂತಹ ಅನುಮತಿ ಇಲ್ಲದೆ ಹೊರಡಿಸಿದ್ದ ರಾಜ್ಯ ಸರ್ಕಾರದ ಅಧಿಸೂಚನೆಗಳನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ರದ್ದುಪಡಿಸಿತು. ಇದರಿಂದ ದಶಕಗಳ ಹಿಂದೆ ನೆಲೆ ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು ಮತ್ತೆ ಅನಿಶ್ಚಿತತೆಗೆ ಒಳಗಾದರು. ಹಕ್ಕುಪತ್ರವಿಲ್ಲದ ಭೂಮಿಯ ಮೇಲೆ ಬ್ಯಾಂಕಿನ ಸಾಲ ಪಡೆಯುವುದು, ಪಾಲು ಮಾಡಿಕೊಳ್ಳುವುದು ಕಷ್ಟವಾಗುತ್ತದೆ.

ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ ಕಾನೂನು ನೆರವು

ಬಡತನದ ಕಾರಣದಿಂದ ಯಾರೂ ನ್ಯಾಯವಂಚಿತರಾಗಬಾರದೆಂದು ಸಂವಿಧಾನದ 39ಎ ವಿಧಿ ಹೇಳುತ್ತದೆ. ಇದನ್ನು ಕಾರ್ಯಗತಗೊಳಿಸಲು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ರಚನೆಯಾಗಿ, 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಈ ಕಾಯ್ದೆಯಂತೆ ಜಿಲ್ಲಾ ಕೇಂದ್ರವಾದ ಶಿವಮೊಗ್ಗದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವೂ ಭದ್ರಾವತಿಯಲ್ಲಿ ತಾಲೂಕು ಕಾನೂನು ಸೇವೆಗಳ ಸಮಿತಿಯೂ ಇವೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಹಾಗೂ ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು.

ಭದ್ರಾವತಿಯು 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಹಾಗೂ 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಗಳಿಂದ ಬೆಳೆದ ಪಟ್ಟಣ. ಆದ್ದರಿಂದ ಕಾರ್ಮಿಕರಿಗೆ ನೀಡಿರುವ ಈ ಅವಕಾಶ ಅಲ್ಲಿ ವಿಶೇಷ ಮಹತ್ವ ಪಡೆಯುತ್ತದೆ. ಉದಾಹರಣೆಗೆ, ಗ್ರಾಚ್ಯುಟಿಯನ್ನು ಅದು ಸಲ್ಲಬೇಕಾದ ದಿನದಿಂದ 30 ದಿನಗಳೊಳಗೆ ಪಾವತಿಸಬೇಕೆಂಬ ನಿಯಮವಿದೆ. ಆದರೆ ಈ ಹಕ್ಕು ತಿಳಿದಿದ್ದು, ಅದನ್ನು ಕೇಳಲು ನೆರವೂ ದೊರೆತಾಗ ಮಾತ್ರ ಅದು ನಿವೃತ್ತ ಕಾರ್ಮಿಕನ ಮನೆಗೆ ತಲುಪುತ್ತದೆ.

ಲೋಕ ಅದಾಲತ್

ಉಭಯ ಪಕ್ಷಗಳ ಒಪ್ಪಿಗೆಯಿಂದ ವಿವಾದವನ್ನು ಬಗೆಹರಿಸುವ ವೇದಿಕೆ ಲೋಕ ಅದಾಲತ್. ಇದಕ್ಕೆ ನ್ಯಾಯಾಲಯ ಶುಲ್ಕವಿಲ್ಲ; ನ್ಯಾಯಾಲಯದಲ್ಲಿರುವ ಪ್ರಕರಣ ಇಲ್ಲಿ ರಾಜಿಯಾದರೆ ಕಟ್ಟಿದ ಶುಲ್ಕ ಹಿಂದಿರುಗುತ್ತದೆ. ಇದರ ತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮಾನವಾಗಿದ್ದು, ಮೇಲ್ಮನವಿಗೆ ಅವಕಾಶವಿಲ್ಲ. ಅಣ್ಣತಮ್ಮಂದಿರ ಪಾಲಿನ ವಿವಾದ, ವಾಹನ ಅಪಘಾತದ ಪರಿಹಾರ ಮೊದಲಾದವು ಇಲ್ಲಿ ಇತ್ಯರ್ಥವಾಗುತ್ತವೆ. ಸೋತವರು-ಗೆದ್ದವರೆಂಬ ಭೇದವಿಲ್ಲದೆ ವ್ಯಾಜ್ಯ ಮುಗಿಯುವುದರಿಂದ ಸಂಬಂಧಗಳು ಉಳಿಯುವ ಸಾಧ್ಯತೆ ಹೆಚ್ಚು. ರಾಜಿಗೆ ಅರ್ಹವಲ್ಲದ ಅಪರಾಧಗಳನ್ನು ಇಲ್ಲಿ ತೆಗೆದುಕೊಳ್ಳುವುದಿಲ್ಲ.

ಮಿತಿಗಳು

ನ್ಯಾಯ ವ್ಯವಸ್ಥೆಯೊಂದರಿಂದಲೇ ಸಂತೋಷ ಉಂಟಾಗುವುದಿಲ್ಲ. ಉದ್ಯೋಗ, ಆರೋಗ್ಯ, ಶಿಕ್ಷಣಗಳೂ ಅಗತ್ಯ. ರಾಜಿಯಲ್ಲಿಯೂ ದುರ್ಬಲ ಪಕ್ಷವು ಬೇಸತ್ತು ಕಡಿಮೆ ಮೊತ್ತಕ್ಕೆ ಒಪ್ಪಿಕೊಳ್ಳುವ ಅಪಾಯವಿದೆ. ಆದರೂ ಭೂ ನ್ಯಾಯಮಂಡಳಿಯಿಂದ ಹಕ್ಕುಪತ್ರ ಪಡೆದ ಗೇಣಿದಾರರ ಹಾಗೂ ಹಕ್ಕುಪತ್ರಕ್ಕಾಗಿ ಕಾದ ಸಂತ್ರಸ್ತರ ಸ್ಥಿತಿಯನ್ನು ಹೋಲಿಸಿದಾಗ, ಸಕಾಲದಲ್ಲಿ ದೊರೆತು ಸ್ಥಿರವಾಗಿ ನಿಲ್ಲುವ ತೀರ್ಮಾನವು ಕುಟುಂಬದ ನೆಮ್ಮದಿಗೆ ಎಷ್ಟು ಮುಖ್ಯವೆಂಬುದು ತಿಳಿಯುತ್ತದೆ.