ಚಿಕ್ಕ ಮನೆಯನ್ನು ವಿಶಾಲವಾಗಿಸಿದವರು

ನಾನೂ ನನ್ನ ಶ್ರೀಮತಿಯೂ ಊರಿನ ಹಳೆಯ ಮನೆಯನ್ನು ಬಿಟ್ಟು ಬೆಂಗಳೂರಿನ ಎರಡು ಕೋಣೆಗಳ ಫ್ಲ್ಯಾಟಿಗೆ ಬಂದಿರುವುದು ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. ಬಂದ ಹೊಸದರಲ್ಲಿ ನಡೆದ ಒಂದು ಸಂಗತಿ ಇನ್ನೂ ಮನಸ್ಸಿನಲ್ಲಿ ಉಳಿದಿದೆ. ಮದುವೆಯೊಂದಕ್ಕೆ ಬಂದ ನನ್ನ ಸೋದರಳಿಯ ಸಂಸಾರಸಮೇತ ಲಾಡ್ಜಿನಲ್ಲಿ ಇಳಿದುಕೊಂಡ. ಕೇಳಿದರೆ, "ನಿಮಗೇ ಜಾಗ ಸಾಲದು ಮಾವ, ಅದಕ್ಕೇ..." ಎಂದ. ಹಬ್ಬಕ್ಕೆ ಇಪ್ಪತ್ತು ಎಲೆ ಹಾಕುತ್ತಿದ್ದ ನಮಗೆ ಆ ಮಾತು ನಾಟಿತು. ಆದರೆ ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಊರಿನಿಂದ ತಂದ ಬೀರು, ಮಂಚ ಮತ್ತು ನನ್ನ ನಾಲ್ಕು ಪುಸ್ತಕದ ಕಪಾಟುಗಳ ನಡುವೆ ಮೈ ಓರೆ ಮಾಡಿಕೊಂಡೇ ನಡೆಯಬೇಕಾಗಿತ್ತು.

ಚರಿತ್ರೆಯ ಮೇಷ್ಟರಿಗೆ ಕಷ್ಟ ಬಂದಾಗ ಕೈ ಹೋಗುವುದು ಚರಿತ್ರೆಯ ಕಡೆಗೇ ಅಲ್ಲವೇ? ಇಕ್ಕಟ್ಟಾದ ಜಾಗದಲ್ಲಿ ಹಿಂದಿನವರು ಹೇಗೆ ಬಾಳಿದರು ಎಂದು ಓದತೊಡಗಿದೆ.

ಮೊದಲು ನೆನಪಾದವನು ಲಂಡನ್ನಿನ ವಾಸ್ತುಶಿಲ್ಪಿ ಸರ್ ಜಾನ್ ಸೋನ್ (1753–1837). ಗಾರೆ ಕೆಲಸದವನ ಮಗನಾಗಿ ಹುಟ್ಟಿ ಬ್ಯಾಂಕ್ ಆಫ್ ಇಂಗ್ಲೆಂಡಿನ ವಾಸ್ತುಶಿಲ್ಪಿಯಾದವನು ಈತ. ಲಿಂಕನ್ಸ್ ಇನ್ ಫೀಲ್ಡ್ಸ್ ಎಂಬಲ್ಲಿ ಒಂದಕ್ಕೊಂದು ಅಂಟಿಕೊಂಡ ಮೂರು ಮನೆಗಳನ್ನು ಒಂದೊಂದಾಗಿ ಕೊಂಡು, ಕೆಡವಿ ಕಟ್ಟಿದ. ಒಟ್ಟಿನಲ್ಲಿ ಅದು ಚಿಕ್ಕ ಮನೆಯಲ್ಲ. ಆದರೆ ಅದರ ಹಲವು ಕೋಣೆಗಳು ನಮ್ಮ ಫ್ಲ್ಯಾಟಿನ ಕೋಣೆಗಳಂತೆಯೇ ಇಕ್ಕಟ್ಟಾದವು. ಸಾಲುಮನೆಗಳಾದ್ದರಿಂದ ಅಕ್ಕಪಕ್ಕದಲ್ಲಿ ಕಿಟಕಿ ಇಡಲು ಸಾಧ್ಯವಿರಲಿಲ್ಲ. ಸೋನ್ ಬೆಳಕನ್ನು ಮೇಲಿನಿಂದ ಇಳಿಸಿದ. ಬೆಳಗಿನ ಉಪಾಹಾರದ ಪುಟ್ಟ ಕೋಣೆಯಲ್ಲಿ ಗುಮ್ಮಟದಂಥ ಚಾವಣಿ ಎರಡು ಬದಿಯ ಗೋಡೆಗಳನ್ನು ಮುಟ್ಟುವುದೇ ಇಲ್ಲ. ನಡುವಿನ ತೆರಪಿನಲ್ಲಿ ಬೆಳಕಿಂಡಿಯಿಂದ ಬೆಳಕು ಗೋಡೆಯ ಮೇಲೆ ಹರಿಯುತ್ತದೆ. ಕೋಣೆ ಎಲ್ಲಿ ಮುಗಿಯಿತೆಂದು ಕಣ್ಣಿಗೆ ಥಟ್ಟನೆ ತಿಳಿಯುವುದಿಲ್ಲ. ಚಾವಣಿಯ ಮೂಲೆಗಳಲ್ಲಿ ಪೀನ ದರ್ಪಣಗಳಿವೆ. ಪೀನ ದರ್ಪಣ ವಿಶಾಲವಾದ ನೋಟವನ್ನು ಚಿಕ್ಕದರಲ್ಲಿ ಹಿಡಿದಿಡುತ್ತದೆಂದು ನಿಮ್ಮ ವಿಜ್ಞಾನದ ಮೇಷ್ಟರು ಹೇಳಿಕೊಟ್ಟದ್ದನ್ನು ನೆನೆಯಿರಿ. ಗ್ರಂಥಾಲಯದಲ್ಲಿ ಪುಸ್ತಕದ ಕಪಾಟುಗಳ ಮೇಲ್ಭಾಗಕ್ಕೆ ಕನ್ನಡಿ ಇಟ್ಟದ್ದರಿಂದ, ಕೋಣೆ ಕಪಾಟಿನ ಆಚೆಗೂ ಮುಂದುವರಿದಂತೆ ತೋರುತ್ತದೆ.

ಅವನ ಚಿತ್ರಶಾಲೆ ಇನ್ನೂ ಸ್ವಾರಸ್ಯಕರ. ಉದ್ದ 14 ಅಡಿಗೂ ಕಡಿಮೆ, ಅಗಲ 12 ಅಡಿಗಿಂತ ತುಸು ಹೆಚ್ಚು. ಅಷ್ಟರಲ್ಲಿ ನೂರಕ್ಕೂ ಮಿಕ್ಕಿ ಚಿತ್ರಗಳು! ಗೋಡೆಗಳೇ ಕೀಲುಗಳ ಮೇಲೆ ಬಾಗಿಲಿನಂತೆ ತೆರೆದುಕೊಳ್ಳುತ್ತವೆ. ಒಂದು ಪದರದ ಹಿಂದೆ ಮತ್ತೊಂದು ಪದರ. 1833ರಲ್ಲಿ ಪಾರ್ಲಿಮೆಂಟಿನ ಕಾಯಿದೆಯೊಂದರ ಮೂಲಕ ಆ ಮನೆಯನ್ನು ಇದ್ದಂತೆಯೇ ಕಾಪಾಡುವ ಏರ್ಪಾಡಾಯಿತು. ಇಂದಿಗೂ ಅದು ವಸ್ತುಸಂಗ್ರಹಾಲಯವಾಗಿದೆ.

ಇದನ್ನು ಓದಿದ ಹುಮ್ಮಸ್ಸಿನಲ್ಲಿ ನಾನೊಂದು ದೊಡ್ಡ ಕನ್ನಡಿ ತಂದು ನಡುಮನೆಯಲ್ಲಿ ತೂಗುಹಾಕಿದೆ. ಅದರ ಎದುರಿಗಿದ್ದುದು ಚಪ್ಪಲಿಯ ಸ್ಟ್ಯಾಂಡು ಮತ್ತು ಹಳೆಯ ಪತ್ರಿಕೆಗಳ ರಾಶಿ. "ಇಷ್ಟು ದಿನ ಒಂದು ರಾಶಿ ಇತ್ತು, ಈಗ ಎರಡಾಯಿತು" ಎಂದಳು ಶ್ರೀಮತಿ. ಸೋನ್ ಕನ್ನಡಿಗೆ ಬೆಳಕನ್ನು ತೋರಿಸಿದ್ದ. ನಾನು ಚಪ್ಪಲಿಯನ್ನು ತೋರಿಸಿದ್ದೆ.

ಎರಡನೆಯ ಪಾಠ ಜರ್ಮನಿಯದು. ಮೊದಲನೆಯ ಮಹಾಯುದ್ಧದ ಅನಂತರ ಅಲ್ಲಿ ಮನೆಗಳಿಗೆ ತೀವ್ರ ಅಭಾವವಿತ್ತು. ಫ್ರಾಂಕ್‌ಫರ್ಟ್ ನಗರದ ಹೊಸ ಬಡಾವಣೆಗಳಿಗಾಗಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ಮಹಿಳೆ 1926ರಲ್ಲಿ ಒಂದು ಅಡುಗೆಮನೆಯನ್ನು ರೂಪಿಸಿದಳು. ಉದ್ದ ಸುಮಾರು 3.4 ಮೀಟರ್, ಅಗಲ 1.9 ಮೀಟರ್. ಅಡುಗೆಯವಳು ಎಷ್ಟು ಹೆಜ್ಜೆ ನಡೆಯುತ್ತಾಳೆ ಎಂಬುದನ್ನು ಲೆಕ್ಕಹಾಕಿ ಒಂದೊಂದಕ್ಕೂ ಸ್ಥಾನ ಗೊತ್ತುಮಾಡಿದಳು. ಇಸ್ತ್ರಿಯ ಹಲಗೆ ಗೋಡೆಗೆ ಮಡಚಿಕೊಳ್ಳುತ್ತಿತ್ತು. ಪಕ್ಕದ ಕೋಣೆಯಲ್ಲಿ ಆಡುವ ಮಕ್ಕಳು ಕಾಣಲೆಂದು ಸರಿಯುವ ಬಾಗಿಲು. ಅಂಥ ಸುಮಾರು 10,000 ಅಡುಗೆಮನೆಗಳು ನಿರ್ಮಾಣಗೊಂಡವು. ಆದರೆ ಅದರಲ್ಲಿ ಇಬ್ಬರು ಒಟ್ಟಿಗೆ ಕೆಲಸ ಮಾಡುವುದು ಕಷ್ಟ ಎಂಬ ದೂರೂ ಇತ್ತು. ಇದನ್ನು ಕೇಳಿ ನನ್ನಾಕೆ, "ಅತ್ತೆ ಸೊಸೆ ಇಬ್ಬರೂ ನಿಲ್ಲಲಾಗದ ಮೇಲೆ ಅದೆಂಥ ಅಡುಗೆಮನೆ?" ಎಂದಳು. ನಾನು ಸುಮ್ಮನಾದೆ.

ಮೂರನೆಯವನು ಜಪಾನಿನ ಚಹಾಗುರು ಸೆನ್ ನೊ ರಿಕ್ಯೂ (1522–1591). ಅವನದೆಂದು ಪರಂಪರೆ ಹೇಳುವ 'ತಾಯ್‌ಆನ್' ಎಂಬ ಚಹಾಕೋಣೆ ಕ್ಯೋಟೋ ಬಳಿಯ ಯಮಾಝಾಕಿಯಲ್ಲಿದೆ. ಅದರ ವಿಸ್ತೀರ್ಣ ಎರಡೇ ತಾತಾಮಿ ಚಾಪೆ, ಅಂದರೆ ಹೆಚ್ಚುಕಡಿಮೆ 6 ಅಡಿಗೆ 6 ಅಡಿ. ಒಳಗೆ ಬರಲು ಬಗ್ಗಿ ನುಸುಳಬೇಕಾದ ಕಿಂಡಿಬಾಗಿಲು. ಹಾಗೆ ಬಂದು ತಲೆಯೆತ್ತಿದವನಿಗೆ ಒಳಗಿನ ಜಾಗ ದೊಡ್ಡದಾಗಿಯೇ ಕಾಣಬೇಕು. ಗೋಡೆಗೂಡಿನ ಒಳಮೂಲೆಗಳನ್ನು ಮಣ್ಣಿನಿಂದ ದುಂಡಾಗಿ ಮೆತ್ತಿ, ಅಂಚೇ ಕಾಣದಂತೆ ಮಾಡಲಾಗಿದೆ. ಮೂಲೆ ಕಾಣದಿದ್ದರೆ ಆಳ ಹೆಚ್ಚಿದಂತೆ ಭಾಸವಾಗುತ್ತದೆ. ಸೋನ್ ಗುಮ್ಮಟದಿಂದ ಸಾಧಿಸಿದ್ದನ್ನು ಇಲ್ಲಿ ಮಣ್ಣಿನಿಂದಲೇ ಸಾಧಿಸಲಾಗಿದೆ. ಒಳಗೆ ಸಾಮಾನುಗಳೂ ಇಲ್ಲ. ಆ ಹೊತ್ತಿಗೆ ಬೇಕಾದದ್ದು ಬರುತ್ತದೆ, ಕೆಲಸ ಮುಗಿದ ಮೇಲೆ ಹೊರಗೆ ಹೋಗುತ್ತದೆ.

ಇಲ್ಲಿಗೆ ಬಂದಾಗ ನನಗೆ ನಗು ಬಂತು. ನಮ್ಮ ಹಿರಿಯರೂ ಹೀಗೆಯೇ ಬದುಕಿದ್ದರಲ್ಲವೇ? ಬೆಳಗ್ಗೆ ಹಾಸಿಗೆ ಸುತ್ತಿಟ್ಟರೆ ಮಲಗುವ ಕೋಣೆ ನಡುಮನೆಯಾಗುತ್ತಿತ್ತು. ಮಣೆ ಹಾಕಿದರೆ ಊಟದ ಮನೆ, ಮಣೆ ತೆಗೆದರೆ ಮಕ್ಕಳ ಪಾಠಶಾಲೆ. ದೀಪಕ್ಕೆ ಗೋಡೆಯ ಗೂಡು, ಬಟ್ಟೆಗೆ ಗಿಳಿಗೂಟ, ಪಾತ್ರೆಗೆ ನಾಗಂದಿಗೆ, ಉಳಿದದ್ದಕ್ಕೆ ಅಟ್ಟ. ನೆಲ ಮಾತ್ರ ಖಾಲಿ. ಇಪ್ಪತ್ತು ಎಲೆ ಹಿಡಿಸುತ್ತಿದ್ದುದು ಮನೆ ದೊಡ್ಡದಾಗಿದ್ದುದರಿಂದ ಮಾತ್ರವಲ್ಲ, ನೆಲ ಬರಿದಾಗಿದ್ದುದರಿಂದ. ನಗರಕ್ಕೆ ಬಂದ ನಾವು ಕೋಣೆಗಳನ್ನು ಕಡಿಮೆ ಮಾಡಿಕೊಂಡು ಸಾಮಾನನ್ನು ಹೆಚ್ಚಿಸಿಕೊಂಡೆವು.

ಆ ಮೇಲೆ ನಾವು ಮಾಡಿದ್ದಿಷ್ಟು. ಎರಡು ಕಪಾಟು ಪುಸ್ತಕಗಳನ್ನು ಊರಿನ ಶಾಲೆಗೆ ಕೊಟ್ಟೆ. ಕೊಡುವಾಗ ಕರುಳು ಚುರುಕ್ಕೆಂದದ್ದು ನಿಜ. ಬೀರು ತಮ್ಮನ ಮನೆಗೆ ಹೋಯಿತು. ಅತ್ತೆಯವರ ಕಾಲದ ಮಂಚವನ್ನು ಮಾತ್ರ ಕೊಡಲು ಮನಸ್ಸು ಬರಲಿಲ್ಲ. ಹಾಸಿಗೆಗಳೆಲ್ಲ ಈಗ ಅದರ ಅಡಿಯಲ್ಲಿವೆ. ಉಳಿದ ಕಪಾಟುಗಳ ಮೇಲೆ, ಗೋಡೆಯ ಎತ್ತರದಲ್ಲಿ, ನಾಗಂದಿಗೆಯಂತೆ ಉದ್ದನೆಯ ಹಲಗೆ ಹೊಡೆಸಿದೆವು. ಕಿಟಕಿಯ ದಪ್ಪ ಪರದೆ ತೆಗೆದು ತೆಳುವಾದ ಬಿಳಿಯ ಬಟ್ಟೆ ಹಾಕಿದೆವು. ಕನ್ನಡಿಯನ್ನು ಕಿಟಕಿಯ ಎದುರಿನ ಗೋಡೆಗೆ ಬದಲಾಯಿಸಿದೆ. ಈಗ ಅದರಲ್ಲಿ ಕಾಣುವುದು ಹೊರಗಿನ ಹೊಂಗೆಯ ಮರ.

ಕಳೆದ ಯುಗಾದಿಗೆ ಸೋದರಳಿಯನನ್ನು ಕರೆದೆವು. ನಡುಮನೆಯ ನೆಲದ ಮೇಲೆ ಹನ್ನೊಂದು ಎಲೆ ಹಾಕಿದೆವು. ರಾತ್ರಿ ಅವನ ಮಕ್ಕಳು ಅಲ್ಲಿಯೇ ಹಾಸಿಗೆ ಬಿಡಿಸಿ ಮಲಗಿದರು. ಹೊರಡುವಾಗ ಅವನು ಜಾಗದ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಬೆಂಗಳೂರಿಗೆ ಬಂದಾಗ ಲಾಡ್ಜು ಹುಡುಕಬೇಡಿ. ನಮ್ಮಲ್ಲಿಗೇ ಬನ್ನಿ.