ಮಹಾಮಾರಿಯೂ ಮೇಳಗಾರರೂ
(ರೋಣ, ನರಗುಂದ, ಗಜೇಂದ್ರಗಡ ಪ್ರಾಂತದ ಗಾಯಕ-ವಾದಕರ ಆಶ್ರಯವನ್ನು ಕುರಿತ ವಿಚಾರ)

ಆಯುರ್ವೇದಾಚಾರ್ಯನಾದ ಚರಕನು ತನ್ನ ಸಂಹಿತೆಯ ವಿಮಾನಸ್ಥಾನದಲ್ಲಿ ಒಂದು ಅಧ್ಯಾಯವನ್ನು ಊರೂರುಗಳನ್ನು ಹಾಳುಮಾಡುವ ವ್ಯಾಧಿಗಳಿಗೆ ಮೀಸಲಿರಿಸಿ, ಅದಕ್ಕೆ ಜನಪದೋದ್ಧ್ವಂಸನೀಯವೆಂದು ಹೆಸರಿಟ್ಟಿರುವನು. ಮನುಷ್ಯರ ಪ್ರಕೃತಿ, ಆಹಾರ, ದೇಹಬಲ, ವಯಸ್ಸು ಇವು ಬೇರೆ ಬೇರೆಯಾಗಿದ್ದರೂ, ಎಲ್ಲರಿಗೂ ಸಮಾನವಾದ ವಾಯು, ಉದಕ, ದೇಶ, ಕಾಲಗಳೆಂಬ ನಾಲ್ಕು ವಿಕೃತಿಯನ್ನು ಹೊಂದಿದಾಗ ಜನಪದವೆಲ್ಲವೂ ಏಕಕಾಲದಲ್ಲಿ ವ್ಯಾಧಿಗೆ ತುತ್ತಾಗುವದೆಂಬುದು ಅವನ ಮತ. ವ್ಯಾಧಿಯು ಎಲ್ಲರನ್ನೂ ಸಮಾನವಾಗಿ ಮುಟ್ಟಿದರೂ ಅದರಿಂದಾಗುವ ವೃತ್ತಿಹಾನಿಯು ಮಾತ್ರ ಎಲ್ಲರಿಗೂ ಸಮಾನವಲ್ಲ. ಒಕ್ಕಲಿಗನು ಒಬ್ಬನೇ ಹೊಲಕ್ಕೆ ಹೋಗಬಲ್ಲನು. ನೇಕಾರನು ತನ್ನ ಮನೆಯಲ್ಲಿಯೇ ಮಗ್ಗದ ಮುಂದೆ ಕುಳ್ಳಿರಬಲ್ಲನು. ಆದರೆ ಹಾಡುವವನಿಗೂ ಬಾರಿಸುವವನಿಗೂ ಹತ್ತು ಜನ ಕೂಡದೆ ವೃತ್ತಿಯಿಲ್ಲ. ಮಹಾಮಾರಿಯು ಮೊದಲು ನಿಷೇಧಿಸುವದಾದರೂ ಹತ್ತು ಜನ ಕೂಡುವದನ್ನೇ. ಆದುದರಿಂದ ಇಂಥ ಕಾಲಗಳಲ್ಲಿ ಈ ವರ್ಗದವರು ಹೇಗೆ ಜೀವಿಸಿದರು, ಅವರಿಗೆ ಆಶ್ರಯವು ಎಲ್ಲಿಂದ ದೊರೆಯಿತು ಎಂಬುದು ಇತಿಹಾಸದಲ್ಲಿ ವಿಚಾರಾರ್ಹವಾದ ವಿಷಯ.

ಈ ವಿಚಾರಕ್ಕೆ ರೋಣ, ನರಗುಂದ, ಗಜೇಂದ್ರಗಡಗಳ ಪ್ರಾಂತವು ಒಳ್ಳೆಯ ಉದಾಹರಣೆಯಾಗಿದೆ. ಹಿಂದೆ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಭಾಗವು 1997ರಲ್ಲಿ ಗದಗ ಜಿಲ್ಲೆಯ ನಿರ್ಮಾಣವಾದಂದಿನಿಂದ ಅದರ ಅಂಗವಾಗಿರುವದು. ರೋಣ, ಸೂಡಿ ಮೊದಲಾದ ಊರುಗಳ ಪ್ರಾಚೀನ ದೇವಾಲಯಗಳು ಇಲ್ಲಿಯ ಪೂರ್ವವೈಭವವನ್ನು ಇಂದಿಗೂ ಸಾರುತ್ತಿವೆ. ಕರ್ನಾಟಕದ ದತ್ತಿಶಾಸನಗಳಲ್ಲಿ ಅಂಗಭೋಗ, ರಂಗಭೋಗಗಳೆಂಬ ಜೋಡುಪದಗಳು ಮೇಲಿಂದ ಮೇಲೆ ಬರುವದನ್ನು ವಾಚಕರು ಬಲ್ಲರು. ದೇವರ ಪೂಜೆಗೆ ಹೇಗೋ ಹಾಗೆ ದೇವರ ಮುಂದಣ ಗೀತ, ವಾದ್ಯ, ನೃತ್ಯಗಳಿಗೂ ಭೂಮಿಯ ಉತ್ಪನ್ನವನ್ನು ಶಾಶ್ವತವಾಗಿ ಬಿಡುತ್ತಿದ್ದರೆಂಬುದು ಇದರಿಂದ ತಿಳಿಯುವದು. ಮುಂದೆ ನರಗುಂದದಲ್ಲಿ ಭಾವೆಯವರ ಸಂಸ್ಥಾನವೂ ಗಜೇಂದ್ರಗಡದಲ್ಲಿ ಘೋರ್ಪಡೆಯವರ ಮನೆತನವೂ ಪ್ರಬಲವಾದವು. 1858ರಲ್ಲಿ ನರಗುಂದದ ಬಾಬಾಸಾಹೇಬರು ಇಂಗ್ಲಿಷರ ವಿರುದ್ಧ ಎದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ ಮೇಲೆ ಆ ಸಂಸ್ಥಾನವು ಅಳಿಯಿತು. ಸಂಸ್ಥಾನವು ಅಳಿದಲ್ಲಿ ಆಸ್ಥಾನದ ಆಶ್ರಯವೂ ಅಳಿಯುವದು ಸಹಜ. ಅಂದಿನಿಂದ ಇಲ್ಲಿಯ ಗಾಯಕ-ವಾದಕರಿಗೆ ಉಳಿದ ಆಧಾರಗಳು ಮೂರು: ಊರು, ಮಠ ಮತ್ತು ರಂಗಭೂಮಿ.

ಇವರಲ್ಲಿ ಅನೇಕ ಬಗೆಯವರುಂಟು. ಮದುವೆ, ಮುಂಜಿ, ರಥೋತ್ಸವಗಳಲ್ಲಿ ಸನಾದಿಯನ್ನೂದುವ ಭಜಂತ್ರಿಗಳು, ಕರಡಿ ಮಜಲಿನವರು, ಹಲಗೆಯವರು, ಚೌಡಿಕೆಯ ಪದದವರು, ಗೀಗೀ ಮೇಳದವರು, ಮೊಹರಮ್ಮಿನ ರಿವಾಯತ ಪದಗಳನ್ನು ಹೇಳುವವರು, ಶ್ರಾವಣದ ಪುರಾಣಕ್ಕೆ ಹಾರ್ಮೋನಿಯಮ್ಮು ತಬಲಗಳನ್ನು ನುಡಿಸುವವರು, ಶಾಸ್ತ್ರೀಯ ಗಾಯನವನ್ನು ಗುರುಮುಖದಿಂದ ಕಲಿತ ಗವಾಯಿಗಳು ಹೀಗೆ ಈ ಪರಂಪರೆಯು ಬಹುಮುಖವಾದುದು. ಇವರ ಜೀವನಕ್ಕೆ ಎರಡು ವಿಧದ ಪ್ರಾಪ್ತಿಯಿತ್ತು. ಒಂದು, ರಾಶಿಯ ಕಾಲದಲ್ಲಿ ಕಣದಿಂದ ಕಾಳಿನ ರೂಪವಾಗಿ ಬರುವ ಪಾಲು; ಇನ್ನೊಂದು, ಹಾಡಿದ ದಿನ, ಬಾರಿಸಿದ ದಿನ ಕೈಗೆ ಬರುವ ಹಣ. ಮೊದಲನೆಯದು ವರ್ಷದ ಸಂಬಂಧವನ್ನು ನಂಬಿದ್ದು. ಎರಡನೆಯದು ಆ ದಿನದ ಸಮಾರಂಭವನ್ನು ನಂಬಿದ್ದು. ಮಹಾಮಾರಿಯ ಕಾಲದಲ್ಲಿ ಈ ಭೇದವೇ ಅನ್ನದ ಭೇದವಾಗಿ ಪರಿಣಮಿಸುವದು.

ಆಧುನಿಕ ಕಾಲದಲ್ಲಿ ಈ ಪ್ರಾಂತವು ಕಂಡ ಮೊದಲನೆಯ ದೊಡ್ಡ ಮಾರಿಯೆಂದರೆ ಪ್ಲೇಗು. 1896ರಲ್ಲಿ, ದುರ್ಮುಖಿ ಸಂವತ್ಸರದಲ್ಲಿ, ಮುಂಬಯಿಯಲ್ಲಿ ಕಾಣಿಸಿಕೊಂಡ ಈ ವ್ಯಾಧಿಯು ರೈಲುದಾರಿಯನ್ನು ಹಿಡಿದು ಒಳನಾಡಿಗೆ ಬಂದಿತು. 1898ರಲ್ಲಿ ಹುಬ್ಬಳ್ಳಿಯು ಅದರಿಂದ ಬಹಳವಾಗಿ ನೊಂದಿತು. ಹಾಫ್‌ಕಿನ್ ಎಂಬ ವೈದ್ಯಶಾಸ್ತ್ರಜ್ಞನು ಕಂಡುಹಿಡಿದ ಲಸಿಕೆಯನ್ನು ಅಲ್ಲಿ ಸಹಸ್ರಾವಧಿ ಜನರಿಗೆ ಹಾಕಲಾಯಿತು. ಇದಕ್ಕೂ ಮೊದಲೇ 1897ರ ಫೆಬ್ರುವರಿಯಲ್ಲಿ ಸರಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿ, ಜನರ ಸಂಚಾರವನ್ನೂ ಕೂಟಗಳನ್ನೂ ಪ್ರತಿಬಂಧಿಸುವ ಅಧಿಕಾರವನ್ನು ಪಡೆದಿತ್ತು. ಇಲಿ ಬಿದ್ದಿತೆಂದರೆ ಜನರು ಮನೆಗಳನ್ನು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಊರೇ ಬರಿದಾದಾಗ ತೇರನ್ನು ಎಳೆಯುವವರಾರು, ಮದುವೆಯ ಹಂದರವನ್ನು ಹಾಕುವವರಾರು? ಸಮಾರಂಭದ ಹಣವು ನಿಂತುಹೋಗುವದು ಅನಿವಾರ್ಯವಾಯಿತು. ಆದರೆ ಗುಡಿಸಲಿಗೆ ಹೋದ ಒಕ್ಕಲಿಗನ ಹೊಲವು ಹೊಲವಾಗಿಯೇ ಇದ್ದಿತು. ಬೆಳೆ ಬಂದಲ್ಲಿ ರಾಶಿ, ರಾಶಿಯಾದಲ್ಲಿ ಪಾಲು ಎಂಬ ಹಳೆಯ ಕಟ್ಟಳೆಗೆ ಊರು ಬಿಟ್ಟ ಮಾತ್ರಕ್ಕೆ ಭಂಗ ಬರಬೇಕಾದ ಕಾರಣವಿರಲಿಲ್ಲ.

ಪ್ಲೇಗಿನ ಕಾಲದ ಒಂದು ಪ್ರತೀತಿಯನ್ನು ಇಲ್ಲಿ ನೆನೆಯುವದು ಉಚಿತ. ಕಿರಾಣಾ ಘರಾಣೆಯ ಪ್ರವರ್ತಕರಾದ ಅಬ್ದುಲ್ ಕರೀಮಖಾನ ಸಾಹೇಬರು ಮಿರಜಿಯಲ್ಲಿ ಪ್ಲೇಗಿಗೆ ತುತ್ತಾಗಿ, ಅಲ್ಲಿಯ ಮೀರಾಸಾಹೇಬರ ದರ್ಗೆಯ ಸನ್ನಿಧಿಯಲ್ಲಿ ಗಾನಸೇವೆಯನ್ನು ಮಾಡಿ ಗುಣ ಹೊಂದಿದರೆಂದು ಹೇಳುವರು. ಪವಾಡದ ಮಾತು ಭಕ್ತರಿಗೆ ಸೇರಿದ್ದು. ಇತಿಹಾಸಕ್ಕೆ ಸೇರಿದ ಮಾತೇನೆಂದರೆ, ಖಾನಸಾಹೇಬರು 1937ರವರೆಗೆ ಬದುಕಿದರು. ಕುಂದಗೋಳದ ರಾಮಚಂದ್ರರಾಯರು ಅವರ ಶಿಷ್ಯರಾಗಿ ಸವಾಯಿ ಗಂಧರ್ವರೆಂದು ಪ್ರಸಿದ್ಧಿಯನ್ನು ಪಡೆದರು. ಸವಾಯಿ ಗಂಧರ್ವರ ಪದತಲದಲ್ಲಿ ಕಲಿತವರೇ 1922ರಲ್ಲಿ ಜನಿಸಿದ, ರೋಣದ ಜೋಶಿ ಮನೆತನದ ಭೀಮಸೇನರು. ಶಾಲಾಮಾಸ್ತರರ ಮಗನಾದ ಈ ಬಾಲಕನು ಬೀದಿಯಲ್ಲಿ ಹೋಗುವ ಭಜನೆಯ ಮೇಳವನ್ನೂ ಮೆರವಣಿಗೆಯ ವಾದ್ಯವನ್ನೂ ಬೆನ್ನುಹತ್ತಿ ದೂರದೂರ ಹೋಗಿಬಿಡುತ್ತಿದ್ದನೆಂಬುದು ಪ್ರಸಿದ್ಧವಾದ ಕಥೆ. ಗ್ರಾಮೋಫೋನಿನ ತಟ್ಟೆಯಲ್ಲಿ ಕೇಳಿದ ಖಾನಸಾಹೇಬರ ಕಂಠವೇ ಅವನನ್ನು ಹನ್ನೊಂದನೆಯ ವಯಸ್ಸಿನಲ್ಲಿ ಮನೆ ಬಿಡಿಸಿತು. 2008ರಲ್ಲಿ ಭಾರತರತ್ನ ಪ್ರಶಸ್ತಿಯನ್ನು ಹೊಂದಿದ ಆ ಮಹಾಗಾಯಕನ ಹಿಂದೆ, ಮಾರಿಯ ಬಾಯಿಂದ ಉಳಿದ ಒಂದು ಜೀವವೂ ಹೆಸರಿಲ್ಲದ ಬೀದಿಯ ಮೇಳಗಳೂ ಇದ್ದವೆಂಬುದನ್ನು ಮರೆಯಲಾಗದು. ಒಬ್ಬ ಗಾಯಕನ ಪ್ರಾಣವೆಂಬುದು ಒಂದು ಪ್ರಾಣವಲ್ಲ. ಅವನ ಮುಂದಿನ ಎರಡು ತಲೆಮಾರುಗಳ ವಿದ್ಯೆಯೂ ಅದರೊಳಗೆ ಅಡಗಿರುವದು.

ಎರಡನೆಯ ಮಾರಿಯು 1918ರ ಇನ್‌ಫ್ಲುಯೆಂಜಾ ಜ್ವರ. ಕಾಲಯುಕ್ತಿ ಸಂವತ್ಸರದ ಜ್ಯೇಷ್ಠದ ಸುಮಾರಿಗೆ ಮುಂಬಯಿಯಲ್ಲಿ ಮೊದಲಾದ ಈ ಜ್ವರವು ಸಪ್ಟಂಬರ-ಅಕ್ಟೋಬರಗಳಲ್ಲಿ ಉಗ್ರರೂಪವನ್ನು ತಾಳಿತು. ಹಿಂದುಸ್ತಾನದಲ್ಲಿ ಒಂದು ಕೋಟಿಗೂ ಮಿಕ್ಕಿ ಜನರು ಇದರಿಂದ ಮಡಿದರು. 1911ರಲ್ಲಿ 25 ಕೋಟಿ 20 ಲಕ್ಷದಷ್ಟಿದ್ದ ಜನಸಂಖ್ಯೆಯು 1921ರ ಖಾನೇಸುಮಾರಿಯಲ್ಲಿ ಹೆಚ್ಚುವದರ ಬದಲು ಕಡಿಮೆಯೇ ಆಗಿ ಕಂಡುಬಂದಿತು. ಈ ಜ್ವರದ ಎರಡು ಲಕ್ಷಣಗಳು ಮೇಳಗಾರರ ಪಾಲಿಗೆ ವಿಶೇಷ ಕ್ರೂರವಾದವು. ಒಂದನೆಯದಾಗಿ, ಇದು ಮುದುಕರನ್ನೂ ಮಕ್ಕಳನ್ನೂ ಬಿಟ್ಟು ಇಪ್ಪತ್ತರಿಂದ ನಾಲ್ವತ್ತರ ಪ್ರಾಯದವರನ್ನೇ ಹೆಚ್ಚಾಗಿ ಎಳೆದುಕೊಂಡಿತು. ಬಾಯಿಂದ ಬಾಯಿಗೆ ನಡೆಯುವ ವಿದ್ಯೆಯಲ್ಲಿ ಈ ಪ್ರಾಯದವರೇ ಅಜ್ಜನಿಗೂ ಮೊಮ್ಮಗನಿಗೂ ನಡುವಣ ಕೊಂಡಿ. ಎರಡನೆಯದಾಗಿ, ಆ ವರ್ಷ ಮಳೆಯೂ ಕೈಕೊಟ್ಟಿತು. ಈ ಎರಿನೆಲದಲ್ಲಿ ಹಿಂಗಾರಿಯ ಬಿಳಿಜೋಳವನ್ನು ಬಿತ್ತುವದು ಸಪ್ಟಂಬರ-ಅಕ್ಟೋಬರಗಳಲ್ಲಿ. ಸರಿಯಾಗಿ ಅದೇ ಕಾಲದಲ್ಲಿ ಬಿತ್ತುವ ಕೈಗಳು ಜ್ವರದಿಂದ ಹಾಸಿಗೆ ಹಿಡಿದವು. ಪ್ಲೇಗಿನಲ್ಲಿ ಸಮಾರಂಭ ನಿಂತರೂ ರಾಶಿ ನಿಲ್ಲಬೇಕಾಗಿರಲಿಲ್ಲ. 1918ರಲ್ಲಿ ರಾಶಿಗೇ ಕುತ್ತು ಬಂದಿತು. ಊರಿನ ಆಶ್ರಯವು ಎಷ್ಟೇ ಉದಾರವಾಗಿದ್ದರೂ ಊರು ತಾನೇ ಹಸಿದಾಗ ಅದು ನಿರುಪಾಯವೆಂಬ ಪಾಠವನ್ನು ಆ ವರ್ಷವು ಕಲಿಸಿತು.

ಒಂದು ಊರಿನ ಸುಖದುಃಖಗಳನ್ನು ಮೀರಿ ನಿಲ್ಲಬಲ್ಲ ಆಶ್ರಯವೊಂದು ಈ ಸೀಮೆಯಲ್ಲಿಯೇ ಅದೇ ತಲೆಮಾರಿನಲ್ಲಿ ರೂಪುಗೊಂಡುದು ಗಮನಾರ್ಹ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ರೋಣ ತಾಲೂಕಿಗೆ ನೆರೆಯಾದ ಬಾದಾಮಿ ತಾಲೂಕಿನ ಮಲಪ್ರಭಾ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಕಾಡಶೆಟ್ಟಿಹಳ್ಳಿಯ ಹುಟ್ಟುಕುರುಡನಾದ ಬಾಲಕನೊಬ್ಬನನ್ನು ಅವರು ಸಾಕಿ, ಕರ್ನಾಟಕ ಹಾಗೂ ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಶಿಕ್ಷಣವನ್ನು ಕೊಡಿಸಿದರು. ಅವನೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳೆಂದು ಪ್ರಖ್ಯಾತನಾದನು (1892–1944). ಗವಾಯಿಗಳು ಅಂಧರೂ ಅನಾಥರೂ ಬಡವರೂ ಆದ ಬಾಲಕರನ್ನು ಕಟ್ಟಿಕೊಂಡು ಸಂಚಾರಿ ಸಂಗೀತ ಪಾಠಶಾಲೆಯನ್ನು ನಡೆಯಿಸಿದರು. ಊರಿಂದೂರಿಗೆ ಸಾಗುವ ಆ ಶಾಲೆಗೆ ಆಯಾ ಊರಿನ ಮಠವೂ ಭಕ್ತರೂ ಅನ್ನವಿಕ್ಕುವರು. ಶಾಲೆಯು ಆ ಊರಿಗೆ ಗಾನವನ್ನುಣಿಸುವದು. ನಾಟ್ಯಸಂಘವನ್ನು ಕಟ್ಟಿ ಅದರ ಉತ್ಪನ್ನವನ್ನೂ ಶಿಷ್ಯರ ಪೋಷಣೆಗೇ ತೊಡಗಿಸಿದರು. ಕೊನೆಗೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವು ನೆಲೆಗೊಂಡಿತು. ಅವರ ಉತ್ತರಾಧಿಕಾರಿಗಳಾದ ಪುಟ್ಟರಾಜ ಗವಾಯಿಗಳು (1914–2010) ತಾವೂ ಅಂಧರಾಗಿದ್ದು, ಭಕ್ತರು ಮಾಡಿದ ಅಸಂಖ್ಯ ತುಲಾಭಾರಗಳಿಂದ ಬಂದುದನ್ನೆಲ್ಲ ಆಶ್ರಮದ ಮಕ್ಕಳ ಅನ್ನಕ್ಕೂ ವಿದ್ಯೆಗೂ ವಿನಿಯೋಗಿಸಿದರು. ಈ ಸಂಸ್ಥೆಯ ತತ್ತ್ವವು ಸರಳವಾದುದು: ಹಾಡಿದ ಮೇಲೆ ಉಣ್ಣುವದಲ್ಲ, ಉಂಡ ಮೇಲೆ ಹಾಡುವದನ್ನು ಕಲಿಯುವದು. ಮಾರಿಯ ಕಾಲಕ್ಕೆ ಒಪ್ಪುವ ತತ್ತ್ವವೂ ಇದೊಂದೇ.

ಮೂರನೆಯ ಮಾರಿಯು ವಾಚಕರೆಲ್ಲರ ಅನುಭವದಲ್ಲಿರುವ ಕೋವಿಡ್. 2020ರ ಮಾರ್ಚ 11ರಂದು ಕರ್ನಾಟಕ ಸರಕಾರವು ನಿಯಮಗಳನ್ನು ಹೊರಡಿಸಿದಾಗ ಆಧಾರವಾದುದು ಪ್ಲೇಗಿನ ಕಾಲದ ಅದೇ 1897ರ ಕಾಯಿದೆ. ದೇಶವೆಲ್ಲ ಬಾಗಿಲಿಕ್ಕಿದ ಮಾರ್ಚ 25ನೆಯ ದಿನವು ಶಾರ್ವರಿ ಸಂವತ್ಸರದ ಯುಗಾದಿಯಾಗಿದ್ದಿತು. ಮೇಳಗಾರರ ವರ್ಷವು ಮೊದಲಾಗುವದೇ ಅಂದು. ಚೈತ್ರ-ವೈಶಾಖಗಳ ಜಾತ್ರೆಗಳು, ಲಗ್ನಗಳು, ಉತ್ಸವಗಳು ಇವೇ ಅವರ ಸುಗ್ಗಿ. ಆ ಸುಗ್ಗಿಯು ಪೂರ್ಣವಾಗಿ ಹಾಳಾಯಿತು. ಜೂನ 8ರಂದು ದೇವಾಲಯಗಳ ಬಾಗಿಲು ತೆರೆದರೂ ಜಾತ್ರೆಗಳಿಗೆ ಅನುಮತಿಯಿರಲಿಲ್ಲ. ಮದುವೆಗೆ ಐವತ್ತು ಜನರೆಂಬ ಮಿತಿಯಿದ್ದಿತು. ಐವತ್ತು ಜನರ ಮದುವೆಯಲ್ಲಿ ಬೀಗರನ್ನು ಬಿಟ್ಟು ಭಜಂತ್ರಿಗಳನ್ನು ಎಣಿಸುವವರಾರು? ಮರುವರ್ಷ, 2021ರ ಏಪ್ರಿಲ್ ಕೊನೆಗೆ, ಅದೇ ಋತುವಿನಲ್ಲಿ ಎರಡನೆಯ ಅಲೆಯು ಬಂದು ಎರಡನೆಯ ಸುಗ್ಗಿಯನ್ನೂ ನುಂಗಿತು. ಬನಾರಸದ ರಾಜನ್ ಮಿಶ್ರರು, ಸಿತಾರವಾದಕ ದೇಬು ಚೌಧರಿಯವರು ಮುಂತಾದ ಘನ ವಿದ್ವಾಂಸರು ಆ ಅಲೆಯಲ್ಲಿಯೇ ಅಳಿದರು.

ಆದರೆ 1918ಕ್ಕೂ 2020ಕ್ಕೂ ಒಂದು ಮುಖ್ಯವಾದ ಅಂತರವುಂಟು. ಹಿಂಗಾರಿಯ ಜೋಳದ ರಾಶಿಯು ಮುಗಿಯುವದು ಫೆಬ್ರುವರಿ-ಮಾರ್ಚಗಳಲ್ಲಿ. ಊರುಗಳಿಗೆ ಬಾಗಿಲು ಬಿದ್ದುದು ರಾಶಿಯ ಸಮಯ ಕಳೆಯುತ್ತಿರುವಾಗ. ಅದರ ಮೇಲೆ ಪಡಿತರದ ಮೂಲಕ ಏಪ್ರಿಲದಿಂದ ತಲೆಗೆ 5 ಕಿಲೋ ಧಾನ್ಯವು ಬಿಟ್ಟಿಯಾಗಿ ದೊರೆಯಿತು. ಕೊರತೆಯಾದುದು ಕಾಳಿಗಿಂತ ಕಾಸಿಗೆ. ಹಣದ ಸಲುವಾಗಿ ನಾಡಿನಲ್ಲೆಲ್ಲ ಅನೇಕ ಕಲಾವಿದರು ಕೂಲಿಯ ಕೆಲಸಕ್ಕೆ ಹೋದರು. ಉದ್ಯೋಗ ಖಾತ್ರಿಯ ಕೂಲಿಯು ಆಗ ದಿನಕ್ಕೆ 275 ರೂಪಾಯಿ. ಕೆಲವರು ದೂರವಾಣಿಯಲ್ಲಿಯೇ ಸ್ವರಪಾಠ, ತಾಳಪಾಠಗಳನ್ನು ಹೇಳಿಕೊಟ್ಟರು. ಹಾರ್ಮೋನಿಯಮ್ಮಿನ ಗವಾಯಿಗೆ ಇದು ಒದಗುವದು. ಸನಾದಿ, ಹಲಗೆ, ಕರಡಿಗಳಿಗೆ ಒದಗುವದು ಕಠಿಣ. ನಾಲ್ವರು ಒಂದೇ ಲಯದಲ್ಲಿ ಹೆಜ್ಜೆಯಿಡಬೇಕಾದ ವಿದ್ಯೆಯು ಅಂಗೈಯಗಲದ ಗಾಜಿನಲ್ಲಿ ಹಿಡಿಯದು.

2021ರ ಮೇ 19ರಂದು ಸರಕಾರವು ಕಲಾವಿದರಿಗೂ ಕಲಾತಂಡಗಳಿಗೂ ತಲಾ 3,000 ರೂಪಾಯಿಗಳ ಸಹಾಯವನ್ನು ಘೋಷಿಸಿತು. ಫಲಾನುಭವಿಗಳ ಅಂದಾಜು 16,095, ಒಟ್ಟು ವೆಚ್ಚ 4.82 ಕೋಟಿ. ಇದು ಸ್ತುತ್ಯವೇ ಸರಿ. ಆದರೆ ಲೆಕ್ಕವನ್ನು ಲೆಕ್ಕವಾಗಿಯೇ ನೋಡಬೇಕು. ಆ ವರ್ಷದ ಉದ್ಯೋಗ ಖಾತ್ರಿಯ ಕೂಲಿ 289 ರೂಪಾಯಿ. ಆದುದರಿಂದ ಈ ಸಹಾಯವು ಒಬ್ಬ ಕೂಲಿಕಾರನ ಹತ್ತು ದಿನಗಳ ದುಡಿಮೆಗೆ ಸಮ. ಎರಡು ವರ್ಷದ ಸುಗ್ಗಿಯನ್ನು ಕಳೆದುಕೊಂಡವನಿಗೆ ಹತ್ತು ದಿನಗಳ ಅನ್ನ. ಅದನ್ನು ಪಡೆಯಲಿಕ್ಕಾದರೂ ತಾನು ಕಲಾವಿದನೆಂದು ಕಾಗದದಲ್ಲಿ ತೋರಿಸಬೇಕು. ಆಕಾಶವಾಣಿಯಲ್ಲಿ ಹಾಡಿದವನಿಗೆ, ಪ್ರಶಸ್ತಿ ಪಡೆದವನಿಗೆ ಕಾಗದವುಂಟು. ಅಜ್ಜನ ಕಾಲದಿಂದ ಊರ ತೇರಿನ ಮುಂದೆ ಹಲಗೆ ಬಾರಿಸಿದವನಿಗೆ ಊರೇ ಸಾಕ್ಷಿ, ಕಾಗದವೆಲ್ಲಿಯದು?

ಮೂರು ಮಾರಿಗಳ ಈ ಇತಿಹಾಸದಿಂದ ತಿಳಿಯುವದು ಇಷ್ಟು. ಕಣದ ಪಾಲು ಬೆಳೆಯಿರುವವರೆಗೆ ಕಾಯುವದು. ಆದರೆ ಅದು ಮೇಳಗಾರನನ್ನು ಊರಿನ ದಯೆಗೆ ಕಟ್ಟಿಹಾಕಿದ್ದೂ ನಿಜ, ಹಣದ ಯುಗದಲ್ಲಿ ಅದು ಸವೆಯುತ್ತ ಬಂದುದಕ್ಕೆ ಅದೂ ಒಂದು ಕಾರಣ. ಆಶ್ರಮವು ಶಿಷ್ಯನನ್ನು ಕಾಯುವದು. ಆದರೆ ಸಂಸಾರವಂದಿಗನಾದ ಭಜಂತ್ರಿಯು ಆಶ್ರಮದಲ್ಲಿರಲಾರನು. ಸರಕಾರದ ಕೈ ದೊಡ್ಡದು. ಆದರೆ ಅದು ಹೆಸರು ಬರೆದಿರುವವರನ್ನೇ ಮುಟ್ಟುವದು. ಒಂದೊಂದೇ ಸಾಲದು, ಮೂರೂ ಕೂಡಬೇಕು.

ಇದಕ್ಕೆ ಊರೂರಿನ ವಿದ್ಯಾವಂತ ಗೃಹಸ್ಥರು ಮಾಡಬಹುದಾದ ಕೆಲಸಗಳಿವೆ. ತಮ್ಮ ಊರಿನ ಹಾಡುವವರ, ಬಾರಿಸುವವರ ಹೆಸರು, ವಯಸ್ಸು, ಅವರು ಬಲ್ಲ ಪದಗಳು, ಅವರ ಶಿಷ್ಯರು ಯಾರು ಎಂಬ ಒಂದು ಪಟ್ಟಿಯನ್ನು ಪಂಚಾಯತಿಯಲ್ಲಿ ಬರೆಯಿಸಿಡುವದು. ಜಾತ್ರೆಯ ಕಾಣಿಕೆಯಲ್ಲಿ ಒಂದು ಅಂಶವನ್ನು ಜಾತ್ರೆ ನಿಂತ ವರ್ಷಕ್ಕಾಗಿ ತೆಗೆದಿರಿಸುವದು. ಮುದುಕರ ಬಾಯಲ್ಲಿರುವ ಪದಗಳನ್ನು ಅವರಿರುವಾಗಲೇ ಧ್ವನಿಮುದ್ರಣ ಮಾಡಿ, ಕಲಿಯುವ ಒಬ್ಬ ಹುಡುಗನನ್ನು ಅವರ ಬಳಿಗೆ ಕಳಿಸುವದು. ಇವು ದೊಡ್ಡ ಧನವನ್ನು ಬೇಡುವ ಕೆಲಸಗಳಲ್ಲ. 1918ರಲ್ಲಿ ಈ ಪ್ರಾಂತದಲ್ಲಿ ಯಾವ ಯಾವ ಹಾಡುಗಳು ಹಾಡುವವರೊಡನೆಯೇ ಹೋದವೆಂಬುದನ್ನು ಇಂದು ಯಾರೂ ಹೇಳಲಾರರು, ಏಕೆಂದರೆ ಅಂದು ಅವುಗಳ ಹೆಸರನ್ನು ಯಾರೂ ಬರೆದಿಡಲಿಲ್ಲ.