ಗೊಬ್ಬರ ಹಳತಾಗ್ಲಿ

ಅಜ್ಜಯ್ಯನ ಕಾಲದಲ್ಲಿ ಹಟ್ಟಿಗೆ ಸೊಪ್ಪು ಹಾಸಿ, ತೆಗೆದ ಗೊಬ್ಬರವನ್ನು ಗುಂಡಿಯಲ್ಲಿ ತಿಂಗಳುಗಟ್ಟಲೆ ಕೊಳೆಸಿಯೇ ಗದ್ದೆಗೆ ಹೊರ್ತಿದ್ರು. 1939ರಲ್ಲಿ ಬೆಂಗಳೂರಿನಲ್ಲಿ ಸಿ.ಎನ್. ಆಚಾರ್ಯರು ರೂಪಿಸಿದ ಕ್ರಮದಲ್ಲೂ ಕಾಯುವುದೇ ಮುಖ್ಯ: ಪೇಟೆಯ ಕಸ, ಮನುಷ್ಯರ ಮಲ ಪದರ ಪದರವಾಗಿ ಗುಂಡಿಗೆ ತುಂಬಿ, ಮೇಲೆ ಮಣ್ಣು ಮೆತ್ತಿ ಆರೆಂಟು ತಿಂಗಳು ಬಿಡುವುದು. ಒಳಗಿನ ಬಿಸಿಗೆ, ದಿನ ಕಳೆದ ಹಾಗೆ, ಹೆಚ್ಚಿನ ರೋಗಾಣು ಸಾಯ್ತವೆ.

ಈಗ ನಾವು ಪುರುಸೊತ್ತಿಲ್ಲ ಅಂತ ಹಸಿ ಸೆಗಣಿ ನೀರನ್ನೇ ಹರಿವೆ ಸಾಲಿಗೆ ಹೊಯ್ತೇವೆ. ನಾನೂ ಹೊಯ್ದವನೇ. ಅಮೆರಿಕದ ಸಾವಯವ ನಿಯಮದಲ್ಲಿ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಗೆ ಹಸಿ ಗೊಬ್ಬರ ಹಾಕಿದ್ರೆ ಕೊಯ್ಲಿಗೆ 120 ದಿನ ಕಾಯಬೇಕು. ನಮ್ಮ ಹರಿವೆ ಒಂದೇ ತಿಂಗಳಿಗೆ ಕೊಯ್ಲಿಗೆ ಬರ್ತದೆ! ಹರಿವೆ ಬೇಯಿಸ್ತೇವೆ, ಸರಿ. ಕೊತ್ತಂಬರಿ ಸೊಪ್ಪು ಹಸಿಯಾಗೇ ತಿಂತೇವಲ್ದಾ ಮಾರ್ರೆ? ಸೆಗಣಿಯ ಇ. ಕೋಲಿ ಎಲೆಗಂಟಿ ಮಕ್ಕಳ ಬಟ್ಟಲಿಗೇ ಬಂದೀತು.

ಗುಂಡಿ ಮುಚ್ಚಬೇಡಿ.